ಮಾರಾಟದ ಮೊದಲ ಕೆಲಸ: ಸೇರುವ ಮುನ್ನವೂ ಸೇರಿದ ಮೇಲೂ ಪದೇ ಪದೇ ಕೇಳುವ ಪ್ರಶ್ನೆಗಳು

ಸೇಲ್ಸ್ ಎಕ್ಸಿಕ್ಯೂಟಿವ್ ಎಂದರೆ ದಿನವಿಡೀ ಮಾಡುವುದಾದರೂ ಏನು?

ಮಾರುವುದು ಕಡಿಮೆ, ಹುಡುಕುವುದು ಹೆಚ್ಚು. ಪಟ್ಟಿ ಹಿಡಿದು ಫೋನ್ ಮಾಡುವುದು, ಎತ್ತದವರಿಗೆ ಮತ್ತೆ ಮಾಡುವುದು, ಭೇಟಿಗೆ ಸಮಯ ಕೇಳುವುದು, ಹೇಳಿದ ಹೊತ್ತಿಗೆ ಹೋಗಿ ಕಾಯುವುದು, ಕೊಟೇಶನ್ ಕಳಿಸುವುದು, ಸಿಆರ್‌ಎಂನಲ್ಲಿ (ಗಿರಾಕಿಗಳ ವಿವರ ಬರೆದಿಡುವ ಸಾಫ್ಟ್‌ವೇರ್) ಎಂಟ್ರಿ ಹಾಕುವುದು, ಸಂಜೆ ಟೀಂ ಲೀಡರ್‌ಗೆ ಲೆಕ್ಕ ಒಪ್ಪಿಸುವುದು. ಗಿರಾಕಿ ಎದುರು ಕೂತು ವಸ್ತುವಿನ ಬಗ್ಗೆ ಮಾತಾಡುವ ಹೊತ್ತು ಇದರಲ್ಲಿ ಸಣ್ಣ ಪಾಲು. ಕೆಲಸ ಬಿಡುವ ಹೊಸಬರಲ್ಲಿ ಬಹಳ ಮಂದಿ ಸೋಲುವುದು ಆ ಸಣ್ಣ ಪಾಲಿನಲ್ಲಿ ಅಲ್ಲ, ಉಳಿದ ದೊಡ್ಡ ಪಾಲಿನ ಬೇಸರದಲ್ಲಿ. ಆದ್ದರಿಂದ ಸಂದರ್ಶನದಲ್ಲೇ ಕೇಳಿ: ಲೀಡ್, ಅಂದರೆ ಕೊಳ್ಳಬಹುದಾದವರ ಹೆಸರು-ನಂಬರ್, ಕಂಪನಿಯೇ ಕೊಡುತ್ತದೆಯೋ, ನಾವೇ ಹುಡುಕಬೇಕೋ? ಕೂತು ಮಾಡುವ ಕೆಲಸವೋ, ಫೀಲ್ಡೋ? ಓಡಾಟದ ಖರ್ಚು ಯಾರದು, ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ ಬರುತ್ತದೆ?

ನನಗೆ ಅಷ್ಟಾಗಿ ಮಾತು ಬರುವುದಿಲ್ಲ. ಈ ಕೆಲಸ ಆಗುತ್ತದೆಯೇ?

ಆಗುತ್ತದೆ. ಬಾಯಿದ್ದವನು ಬರದಲ್ಲೂ ಬದುಕುತ್ತಾನೆ ಎನ್ನುವ ಗಾದೆ ಮಾರಾಟದ ಕೆಲಸಕ್ಕೆ ಅರ್ಧ ಮಾತ್ರ ಒಪ್ಪುತ್ತದೆ. ಎದುರಿನವರು ಹೇಳಿದ್ದನ್ನು ಕೇಳಿಸಿಕೊಂಡು, ಅದನ್ನು ಬರೆದಿಟ್ಟು, ಹೇಳಿದ ದಿನ ಹೇಳಿದ ಹೊತ್ತಿಗೆ ಫೋನ್ ಮಾಡುವವರು ಒಳ್ಳೆಯ ಮಾತುಗಾರರನ್ನೂ ಹಿಂದೆ ಹಾಕುತ್ತಾರೆ. ಅಡ್ಡಿಯಾಗುವುದು ಸಂಕೋಚದ ಸ್ವಭಾವವಲ್ಲ. ಹಣದ ಮಾತು ಎತ್ತಲು ಹಿಂಜರಿಯುವುದು. ಬೆಲೆ ಹೇಳುವಾಗ ದನಿ ಇಳಿಯುತ್ತಿದ್ದರೆ, ಬೆಲೆಯ ಸಾಲೊಂದನ್ನೇ ದಿನಕ್ಕೆ 20 ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಒಂದೆರಡು ವಾರದಲ್ಲಿ ನಾಲಿಗೆಗೆ ಹೊಂದಿಕೊಳ್ಳುತ್ತದೆ.

ಆಫರ್ ಲೆಟರ್‌ನಲ್ಲಿ ಸಂಬಳ ದೊಡ್ಡದಾಗಿ ಕಾಣುತ್ತದೆ. ಕೈಗೆ ಎಷ್ಟು ಬರುತ್ತದೆ?

ಈ ಪ್ರಶ್ನೆಗೆ ಸಮಯ ಕೊಡಿ. ಮೊದಲ ವರ್ಷದ ಅರ್ಧ ಸಂಕಟ ಇದನ್ನು ಕೇಳದೆ ಸಹಿ ಹಾಕಿದ್ದರಿಂದಲೇ ಬರುತ್ತದೆ.

ಒಟ್ಟು 100 ಎಂದು ಬರೆದಿದ್ದಾರೆ, ಅದರಲ್ಲಿ 70 ಕಾಯಂ, 30 ಇನ್ಸೆಂಟಿವ್ ಎಂದಿಟ್ಟುಕೊಳ್ಳಿ. ಆ 30 ಬರುವುದು ಟಾರ್ಗೆಟ್ ಪೂರ್ತಿ ಮುಟ್ಟಿದಾಗ. ಅನೇಕ ಯೋಜನೆಗಳಲ್ಲಿ ಕೆಳಗೊಂದು ಗೆರೆ ಇರುತ್ತದೆ. ಉದಾಹರಣೆಗೆ ಶೇ 80. ಟಾರ್ಗೆಟ್‌ನ ಶೇ 79 ಮುಟ್ಟಿದವರಿಗೆ ಇನ್ಸೆಂಟಿವ್ ಸೊನ್ನೆ, ಕೈಗೆ ಬರುವುದು 70. ಶೇ 80 ಮುಟ್ಟಿದವರಿಗೆ 30ರಲ್ಲಿ ಶೇ 80, ಅಂದರೆ 24 ಸೇರಿ 94. ಒಂದೇ ಒಂದು ಶೇಕಡಾ ಹಿಂದೆ ಬಿದ್ದದ್ದಕ್ಕೆ 24 ಕೈತಪ್ಪುತ್ತದೆ. ತಿಂಗಳ ಕೊನೆಯ ಮೂರು ದಿನ ಆಫೀಸಿನಲ್ಲಿ ಗಲಾಟೆ ಏಕೆ ಎನ್ನುವುದಕ್ಕೆ ಉತ್ತರ ಇದೇ ಗೆರೆ.

ಮೇಲಿನ ಕಡೆಯೂ ನೋಡಿ. ಕೆಲವು ಕಡೆ ಟಾರ್ಗೆಟ್‌ನ ಶೇ 100 ದಾಟಿದ ಮೇಲಿನ ಮಾರಾಟಕ್ಕೆ ಒಂದೂವರೆ ಪಟ್ಟು ದರ ಇರುತ್ತದೆ. ಆಗ ಶೇ 110 ಮಾಡಿದವರಿಗೆ 30ರ ಜೊತೆ ಇನ್ನೂ 4.5 ಬರುತ್ತದೆ. ಇನ್ನು ಕೆಲವು ಕಡೆ ಮಿತಿ ಹಾಕಿರುತ್ತಾರೆ; ಅಲ್ಲಿ ಎಷ್ಟು ದುಡಿದರೂ ಅಷ್ಟೇ.

ಸಹಿಗೆ ಮುಂಚೆ ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ:

- ಮಾರಾಟ ಎಂದು ಲೆಕ್ಕ ಹಿಡಿಯುವುದು ಯಾವಾಗ: ಆರ್ಡರ್ ಬಂದಾಗಲೋ, ಬಿಲ್ ಆದಾಗಲೋ, ಹಣ ವಸೂಲಾದಾಗಲೋ?
- ಇನ್ಸೆಂಟಿವ್ ಯಾವ ತಿಂಗಳ ಸಂಬಳದ ಜೊತೆ ಬರುತ್ತದೆ?
- ಕೆಳಗಿನ ಗೆರೆ ಎಷ್ಟು, ಮೇಲೆ ಮಿತಿ ಇದೆಯೇ?
- ಕೆಲಸ ಕಲಿಯುವ ಮೊದಲ ತಿಂಗಳುಗಳಿಗೆ ಟಾರ್ಗೆಟ್ ಕಡಿಮೆ ಇದೆಯೇ?
- ನಡುವೆ ಟಾರ್ಗೆಟ್ ಬದಲಾಯಿಸುವ ಅಧಿಕಾರ ಕಂಪನಿಗಿದೆಯೇ?

ಇನ್ನೊಂದು ಮಾತು ಕಿವಿಗೆ ಬೀಳಬಹುದು: ಕಮಿಷನ್ ಮೇಲಿನ ಮುಂಗಡ. ತಿಂಗಳಿಗಿಷ್ಟು ಎಂದು ಕೊಡುತ್ತಾರೆ, ಮುಂದೆ ದುಡಿದ ಕಮಿಷನ್‌ನಲ್ಲಿ ಮುರಿದುಕೊಳ್ಳುತ್ತಾರೆ. ಅದು ಸಂಬಳವಲ್ಲ, ಸಾಲ. ಕೆಲಸ ಬಿಟ್ಟರೆ ಬಾಕಿ ಕಟ್ಟಬೇಕೇ ಎಂದು ಕೇಳಿ ತಿಳಿದುಕೊಳ್ಳಿ.

ನಿಮ್ಮ ಬಾಡಿಗೆ, ಸಾಲದ ಕಂತು ಎಲ್ಲವನ್ನೂ ಆ 70ರಲ್ಲೇ ಹೊಂದಿಸಿಕೊಳ್ಳಿ. 30ನ್ನು ನಂಬಿ ಕಂತಿನ ಮೇಲೆ ಏನಾದರೂ ಕೊಂಡರೆ ಅದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಕೊಟ್ಟ ಇನ್ಸೆಂಟಿವ್ ವಾಪಸ್ ಹಿಡಿದುಕೊಳ್ಳುತ್ತಾರಂತೆ, ನಿಜವೇ?

ನಿಜ. ಗಿರಾಕಿ ಆರ್ಡರ್ ರದ್ದು ಮಾಡಿದರೆ, ಹಣ ಕಟ್ಟದೆ ಹೋದರೆ, ಚಂದಾ ನಡುವೆ ನಿಲ್ಲಿಸಿದರೆ ಮುಂದಿನ ತಿಂಗಳ ಇನ್ಸೆಂಟಿವ್‌ನಲ್ಲಿ ಅದನ್ನು ಕಡಿತ ಮಾಡುವ ಷರತ್ತು ಬಹಳ ಕಡೆ ಇದೆ. ಮನಸ್ಸು ಬದಲಿಸುವ ಹಕ್ಕನ್ನು ಗಿರಾಕಿಗೆ ಕಾನೂನೇ ಕೊಟ್ಟಿರುವುದೂ ಉಂಟು. ಐರೋಪ್ಯ ಒಕ್ಕೂಟದಲ್ಲಿ ಮನೆಬಾಗಿಲಲ್ಲಿ, ಫೋನಿನಲ್ಲಿ, ಆನ್‌ಲೈನಿನಲ್ಲಿ ಆದ ಬಹುಪಾಲು ಮಾರಾಟಗಳಿಗೆ 14 ದಿನ. ಅಮೆರಿಕದಲ್ಲಿ ಮನೆಬಾಗಿಲ ಬಹುಪಾಲು ಮಾರಾಟಗಳಿಗೆ 3 ವ್ಯವಹಾರದ ದಿನ. ಇಂಥ ಕಡೆ ಒತ್ತಾಯದಿಂದ ಹಾಕಿಸಿದ ಸಹಿಗೆ ಆಯಸ್ಸು ಕಡಿಮೆ. ಕಡಿತದ ಅವಧಿ ಎಷ್ಟು ತಿಂಗಳು ಎಂದು ತಿಳಿದುಕೊಂಡು, ಆ ಅವಧಿ ಮುಗಿಯುವವರೆಗೆ ಬಂದ ಇನ್ಸೆಂಟಿವ್‌ನಲ್ಲಿ ಒಂದು ಪಾಲು ಮುಟ್ಟದೆ ಇಡಿ.

ತಿಂಗಳಿಗೆ 12 ಮಾರಾಟ ಎಂದಿದ್ದಾರೆ. ದಿನಕ್ಕೆ ಎಷ್ಟು ಫೋನ್ ಮಾಡಬೇಕು?

ಹಿಂದಿನಿಂದ ಲೆಕ್ಕ ಹಾಕಿ. ನಿಮ್ಮ ತಂಡದಲ್ಲಿ 4 ಭೇಟಿಗೆ 1 ಮಾರಾಟ ಆಗುತ್ತಿದ್ದರೆ 12 ಮಾರಾಟಕ್ಕೆ 48 ಭೇಟಿ ಬೇಕು. 6 ಜನರ ಜೊತೆ ಮಾತಾಡಿದರೆ 1 ಭೇಟಿ ಸಿಗುವುದಾದರೆ 288 ಮಾತುಕತೆ. 3 ಸಲ ಡಯಲ್ ಮಾಡಿದಾಗ 1 ಸಲ ಎತ್ತುವುದಾದರೆ 864 ಡಯಲ್. ತಿಂಗಳಿಗೆ 24 ಕೆಲಸದ ದಿನ ಎಂದರೆ ದಿನಕ್ಕೆ 36 ಡಯಲ್, 12 ಮಾತುಕತೆ, 2 ಭೇಟಿ. ಈ ಅನುಪಾತಗಳು ಉದಾಹರಣೆಗೆ ಹೇಳಿದ್ದು. ನಿಮ್ಮವು ಬೇರೆ ಇರುತ್ತವೆ. ಮೊದಲ ತಿಂಗಳು ಪಕ್ಕದ ಸೀಟಿನ ಹಳಬರ ಲೆಕ್ಕ ಕೇಳಿಕೊಂಡು ಹೊರಡಿ, ಎರಡನೆಯ ತಿಂಗಳಿಂದ ನಿಮ್ಮದೇ ಲೆಕ್ಕ ಇರಲಿ.

ಅನುಭವ ಎಲ್ಲಿ ಲಾಭ ತರುತ್ತದೆ ಎನ್ನುವುದೂ ಇದೇ ಲೆಕ್ಕದಲ್ಲಿ ಕಾಣುತ್ತದೆ. ಸರಿಯಾದವರನ್ನೇ ಭೇಟಿಯಾಗಿ 4ಕ್ಕೆ 1 ಇದ್ದದ್ದನ್ನು 3ಕ್ಕೆ 1 ಮಾಡಿಕೊಂಡರೆ 36 ಭೇಟಿ ಸಾಕು, ಡಯಲ್ 864ರಿಂದ 648ಕ್ಕೆ ಇಳಿಯುತ್ತದೆ, ದಿನಕ್ಕೆ 27. ಅದೇ 12 ಮಾರಾಟಕ್ಕೆ ಕಾಲು ಭಾಗ ದುಡಿಮೆ ಕಡಿಮೆ.

ಫೋನ್ ಎತ್ತಿದ ಕೂಡಲೇ ಏನು ಹೇಳಬೇಕು?

ಯಾರು, ಯಾವ ವಿಷಯಕ್ಕೆ, ಎಷ್ಟು ಹೊತ್ತು. ಈ ಮೂರೂ ಮೊದಲ 20 ಸೆಕೆಂಡಿನೊಳಗೆ ಬರಬೇಕು. ಬಿಲ್ಲಿಂಗ್ ಮೆಷಿನ್ ಮಾರುವವರು ಎಂದಿಟ್ಟುಕೊಂಡರೆ:

"ನಮಸ್ಕಾರ ಸರ್, ನಾನು ಇಂಥ ಕಂಪನಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಕೌಂಟರಿನ ಬಿಲ್ಲಿಂಗ್ ವಿಷಯವಾಗಿ ಫೋನ್ ಮಾಡಿದೆ. ಈಗ ಎರಡು ನಿಮಿಷ ಮಾತಾಡಬಹುದಾ, ಇಲ್ಲ ಸಂಜೆ ಮಾಡಲಾ?"

"ನಮ್ಮ ಕಂಪನಿ ಬಗ್ಗೆ ಕೇಳಿದ್ದೀರಾ ಸರ್?" ಎಂದು ಶುರು ಮಾಡಬೇಡಿ, "ಇಲ್ಲ" ಎನ್ನುವ ಉತ್ತರವನ್ನು ನೀವೇ ಕೇಳಿ ಪಡೆದಂತಾಗುತ್ತದೆ. "ಹೇಗಿದ್ದೀರಿ ಸರ್, ಊಟ ಆಯ್ತಾ?" ಎಂದು ಗುರುತಿಲ್ಲದವರನ್ನು ಕೇಳಿದರೆ ಅವರಿಗೆ ಅನುಮಾನವೇ ಮೊದಲು. ಒಪ್ಪಿದ ಮೇಲೆ ಮೊದಲ ಪ್ರಶ್ನೆ ಅವರ ಈಗಿನ ವ್ಯವಸ್ಥೆಯ ಬಗ್ಗೆ ಇರಲಿ: ಈಗ ಬಿಲ್ ಹೇಗೆ ಮಾಡುತ್ತಿದ್ದೀರಿ, ಜನ ಹೆಚ್ಚಾದಾಗ ಎಲ್ಲಿ ತಡವಾಗುತ್ತದೆ? ಆ ಉತ್ತರ ಬರುವವರೆಗೆ ನಿಮ್ಮ ವಸ್ತುವಿನ ಗುಣಗಾನ ಬೇಡ.

ಕಂಪನಿ ಕೊಟ್ಟ ಸ್ಕ್ರಿಪ್ಟನ್ನು ತಾತ್ಸಾರ ಮಾಡಬೇಡಿ. 1884ರಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ನಡೆಸಲು ತೊಡಗಿದ ಜಾನ್ ಹೆನ್ರಿ ಪ್ಯಾಟರ್ಸನ್ ತನ್ನ ಮಾರಾಟಗಾರರಿಗೆ ಗಲ್ಲಾ ಯಂತ್ರ ಮಾರುವ ಮಾತನ್ನು ಬಾಯಿಪಾಠ ಮಾಡಿಸುತ್ತಿದ್ದ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರದೇಶ, ಪ್ರತ್ಯೇಕ ಕೋಟಾ ಹಾಕಿದ್ದೂ ಅವನೇ. ಇಂದಿನ ಟಾರ್ಗೆಟ್ ಪದ್ಧತಿ ಬೆಳೆದದ್ದು ಅಂಥ ಬುನಾದಿಯ ಮೇಲೆ. ಸ್ಕ್ರಿಪ್ಟನ್ನು ಬಾಯಿಪಾಠ ಮಾಡುವುದು ಅದನ್ನು ಓದಿ ಹೇಳಲಿಕ್ಕಲ್ಲ. ಮುಂದೇನು ಹೇಳಲಿ ಎನ್ನುವ ಚಿಂತೆ ಬಿಟ್ಟು ಎದುರಿನವರ ಮಾತಿಗೆ ಕಿವಿ ಕೊಡಲಿಕ್ಕೆ.

ದಿನಕ್ಕೆ ಮೂವತ್ತು ಸಲ "ಬೇಡ" ಕೇಳಿ ಮನಸ್ಸು ಕುಗ್ಗುತ್ತದೆ. ಏನು ಮಾಡಲಿ?

ಕುಗ್ಗುವುದು ಸಹಜ, ಅದನ್ನು ದೌರ್ಬಲ್ಯ ಎಂದುಕೊಳ್ಳಬೇಡಿ. ಆದರೆ ಎಲ್ಲ "ಬೇಡ"ಗಳೂ ಒಂದೇ ಅಲ್ಲ. "ಈಗ ಆಗಲ್ಲ" ಎಂದರೆ ಹೊತ್ತಿನ ಸಮಸ್ಯೆ. "ನಮಗೆ ಇದರ ಅಗತ್ಯ ಇಲ್ಲ" ಎಂದರೆ ಪಟ್ಟಿಯ ಸಮಸ್ಯೆ. ತಪ್ಪು ಜನರಿಗೆ ಫೋನ್ ಹೋಗುತ್ತಿದೆ. "ಈಗಾಗಲೇ ಬೇರೆಯವರ ಹತ್ತಿರ ತಗೊಂಡಿದ್ದೀವಿ" ಎನ್ನುವವರು ಮುಂದಿನ ವರ್ಷದ ಗಿರಾಕಿಗಳು, ಅವರ ಗುತ್ತಿಗೆ ಮುಗಿಯುವ ತಿಂಗಳು ಕೇಳಿಟ್ಟುಕೊಳ್ಳಿ. "ಇನ್ನೊಮ್ಮೆ ಫೋನ್ ಮಾಡಬೇಡಿ" ಎಂದವರ ಹೆಸರಿನ ಮುಂದೆ ಗುರುತು ಹಾಕಿ, ನಿಜವಾಗಿಯೂ ಮಾಡಬೇಡಿ. ಕರೆ ಬೇಡ ಎಂದು ನೋಂದಾಯಿಸಿಕೊಳ್ಳುವ ಪಟ್ಟಿ ಬಹಳ ದೇಶಗಳಲ್ಲಿದೆ, ಮೀರಿದರೆ ದಂಡವೂ ಇದೆ. ಹೀಗೆ ವಿಂಗಡಿಸಿ ಬರೆದಾಗ "ನನ್ನನ್ನು ಬೇಡ ಅಂದರು" ಎನ್ನುವುದು ಹೋಗಿ "ಮೂವತ್ತರಲ್ಲಿ ಹನ್ನೊಂದು ತಪ್ಪು ಪಟ್ಟಿ" ಎನ್ನುವ ಮಾಹಿತಿ ಕೈಗೆ ಸಿಗುತ್ತದೆ.

ಯಾರಾದರೂ ಬೈದರೆ ತಿರುಗಿ ಮಾತಾಡಬೇಡಿ. ಒಂದು ಸಾಲು ಎಂಟ್ರಿ ಹಾಕಿ, ಎದ್ದು ನೀರು ಕುಡಿದು, ಮುಂದಿನ ಫೋನನ್ನು ಪರಿಚಯದ ಹಳೆಯ ಗಿರಾಕಿಗೆ ಮಾಡಿ. ಬೈಸಿಕೊಂಡ ದನಿಯಲ್ಲೇ ಹೊಸಬರಿಗೆ ಫೋನ್ ಮಾಡಿದರೆ ಅದೂ ಕೆಡುತ್ತದೆ.

ಫಾಲೋ-ಅಪ್ ಎಷ್ಟು ಸಲ ಮಾಡಿದರೆ ಪೀಡೆ ಎನಿಸುವುದಿಲ್ಲ?

ಸಂಖ್ಯೆಗಿಂತ ಪ್ರತಿ ಸಲ ಹೊಸದೇನು ತರುತ್ತೀರಿ ಎನ್ನುವುದು ಮುಖ್ಯ. "ಏನಾಯ್ತು ಸರ್?" ಎಂದು ಎರಡನೆಯ ಸಲ ಕೇಳಿದಾಗಲೇ ಪೀಡೆ. ಕೊಟೇಶನ್ ಕೊಟ್ಟ ಮರುದಿನ, 3ನೆಯ ದಿನ, 7ನೆಯ ದಿನ, 14ನೆಯ ದಿನ, ಆಮೇಲೆ ತಿಂಗಳಿಗೊಮ್ಮೆ ಎನ್ನುವ ಅಂತರ ಸಾಮಾನ್ಯವಾಗಿ ಒಗ್ಗುತ್ತದೆ. ಆದರೆ ಗಿರಾಕಿಯೇ ಒಂದು ದಿನ ಹೇಳಿದ್ದರೆ ಈ ಅಂತರ ಬಿಟ್ಟು ಅವರ ದಿನವನ್ನೇ ಹಿಡಿಯಿರಿ. ಮಾತು ಮುಗಿಸುವ ಮುನ್ನವೇ "ಹಾಗಾದರೆ ಮಂಗಳವಾರ ಬೆಳಿಗ್ಗೆ ಮಾಡಲಾ?" ಎಂದು ಒಪ್ಪಿಗೆ ಪಡೆದಿದ್ದರೆ ಮುಂದಿನ ಕರೆಗೆ ಸಂಕೋಚವೇ ಇರುವುದಿಲ್ಲ.

ಫಾಲೋ-ಅಪ್ ಕೆಡುವುದು ಬಹುತೇಕ ಬರವಣಿಗೆಯಲ್ಲಿ. ಸಿಆರ್‌ಎಂನಲ್ಲಿ ಹೊಸಬರು ಹಾಕುವ ಎಂಟ್ರಿ ಹೀಗಿರುತ್ತದೆ: "ಆಸಕ್ತಿ ಇದೆ, ಮತ್ತೆ ಕಾಲ್ ಮಾಡಬೇಕು." ಹತ್ತು ದಿನದ ಮೇಲೆ ಇದನ್ನು ಓದಿದರೆ ಯಾರು ಏನೆಂದಿದ್ದರು ಎಂಬುದು ನಿಮಗೇ ನೆನಪಿರುವುದಿಲ್ಲ. ಇರಬೇಕಾದ್ದು ಹೀಗೆ:

"ಮಂಗಳವಾರ 11.30ಕ್ಕೆ ಕಾಲ್. ಹಳೆಯ ಮೆಷಿನ್ ಸರ್ವಿಸ್ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತೆ. ನಿರ್ಧಾರ ತಮ್ಮನದು, ಲೆಕ್ಕ ನೋಡುವವರು ಅವರೇ, ಮಂಗಳವಾರ ಇರ್ತಾರೆ. 2 ಕೌಂಟರಿಗೆ ಕೊಟೇಶನ್ ಹೋಗಿದೆ. ಪ್ರಿಂಟ್ ಬೇಗ ಮಾಸುತ್ತೆ ಅನ್ನೋದು ಅವರ ದೂರು."

ಇಷ್ಟು ಬರೆಯಲು ಒಂದು ನಿಮಿಷ ಸಾಕು, ಅದೂ ಫೋನ್ ಇಟ್ಟ ತಕ್ಷಣ. ಸಂಜೆ ಎಲ್ಲ ಸೇರಿಸಿ ಬರೆಯುತ್ತೇನೆ ಎಂದರೆ ಅರ್ಧ ಮರೆತಿರುತ್ತದೆ.

"ರೇಟ್ ಜಾಸ್ತಿಯಾಯ್ತು" ಎಂದರೆ ಡಿಸ್ಕೌಂಟ್ ಕೊಡಲೇ?

ಕೂಡಲೇ ಬೇಡ. ಆ ಮಾತಿಗೆ ಮೂರು ಅರ್ಥ: ನಿಜಕ್ಕೂ ಹಣವಿಲ್ಲ, ಅಷ್ಟು ಬೆಲೆ ಬಾಳುತ್ತದೆ ಎನಿಸಿಲ್ಲ, ಬೇರೆಯವರ ಕೊಟೇಶನ್ ಕೈಯಲ್ಲಿದೆ. "ಯಾವುದಕ್ಕೆ ಹೋಲಿಸಿದರೆ ಜಾಸ್ತಿ ಅನ್ನಿಸ್ತು ಸರ್?" ಎಂದು ಕೇಳಿ ಸುಮ್ಮನಿರಿ. ಆ ಮೌನ ತುಂಬಲು ಹೋಗಿ ಹೊಸಬರು ತಾವೇ ರೇಟ್ ಇಳಿಸಿಬಿಡುತ್ತಾರೆ. ಹಣವಿಲ್ಲದವರಿಗೆ ಕಂತು ಅಥವಾ ಚಿಕ್ಕ ಮಾದರಿ, ಹೋಲಿಸುವವರಿಗೆ ಎರಡೂ ಕೊಟೇಶನ್ ಪಕ್ಕಪಕ್ಕ ಇಟ್ಟು ಏನು ಸೇರಿದೆ ಏನು ಸೇರಿಲ್ಲ ಎನ್ನುವ ವಿವರ.

ಮ್ಯಾನೇಜರ್ ಡಿಸ್ಕೌಂಟಿಗೆ ಏಕೆ ಒಪ್ಪುವುದಿಲ್ಲ ಎನ್ನುವುದಕ್ಕೂ ಲೆಕ್ಕವಿದೆ. 100ಕ್ಕೆ ಮಾರುವ ವಸ್ತುವಿನ ಅಸಲು 80 ಆದರೆ ಲಾಭ 20. ಶೇ 10 ಬಿಟ್ಟರೆ ಲಾಭ 10, ಅಂದರೆ ಅರ್ಧ. ಮೊದಲಿನಷ್ಟೇ ಗಳಿಸಲು ಎರಡರಷ್ಟು ಮಾರಬೇಕು. ಬಿಡಲೇಬೇಕಾದರೆ ಬದಲಿಗೆ ಏನಾದರೂ ಕೇಳಿ: ಪೂರ್ತಿ ಮುಂಗಡ, ಹೆಚ್ಚು ಸಂಖ್ಯೆ, ಇಲ್ಲವೇ ಪರಿಚಯದ ಇಬ್ಬರ ನಂಬರ್.

ಒಂದು ತಿಂಗಳು ಭರ್ಜರಿ, ಮುಂದಿನ ತಿಂಗಳು ಬರಗಾಲ. ಏಕೆ ಹೀಗೆ?

ಅದೃಷ್ಟವೂ ಸ್ವಲ್ಪ ಇದೆ, ಆದರೆ ದೊಡ್ಡ ಕಾರಣ ಹೊತ್ತಿನ ಅಂತರ. ಮೊದಲ ಮಾತಿನಿಂದ ಹಣ ಬರುವವರೆಗೆ 45 ದಿನ ಹಿಡಿಯುವ ವಸ್ತುವಾದರೆ, ಇವತ್ತಿನ ಫೋನಿನ ಫಲ ಕಾಣುವುದು ಒಂದೂವರೆ ತಿಂಗಳ ಮೇಲೆ. ಒಳ್ಳೆಯ ತಿಂಗಳಲ್ಲಿ ಡೆಮೊ, ಕಾಗದಪತ್ರ, ವಸೂಲಿ ಎಂದು ಓಡಾಡುತ್ತಾ ಹೊಸಬರಿಗೆ ಫೋನ್ ಮಾಡುವುದು ನಿಂತಿರುತ್ತದೆ. ಅದರ ಬೆಲೆ ಮುಂದಿನ ತಿಂಗಳು ತೆರುತ್ತೀರಿ. ಎಷ್ಟೇ ಕೆಲಸವಿರಲಿ, ಬೆಳಗಿನ ಮೊದಲ ಒಂದು ಗಂಟೆಯನ್ನು ಹೊಸ ಕರೆಗಳಿಗೇ ಮೀಸಲಿಡಿ. ಈ ಪುಟದಲ್ಲಿ ಒಂದೇ ಒಂದು ಅಭ್ಯಾಸ ಹಿಡಿಯುವುದಾದರೆ ಇದನ್ನು ಹಿಡಿಯಿರಿ.

ಎರಡು ತಿಂಗಳಿಂದ ಟಾರ್ಗೆಟ್ ಮುಟ್ಟಿಲ್ಲ. ಕೆಲಸ ಹೋಗುತ್ತದೆಯೇ?

ಹೋಗಬಹುದು, ಪ್ರೊಬೇಷನ್‌ನಲ್ಲಂತೂ ಹೌದು. ಆದರೆ ಎಲ್ಲಿ ಸೋರುತ್ತಿದೆ ಎಂದು ತೋರಿಸುವವರಿಗೆ ಮ್ಯಾನೇಜರ್ ಸಮಯ ಕೊಡುವ ಸಾಧ್ಯತೆ ಹೆಚ್ಚು. ಡಯಲ್ ಸಂಖ್ಯೆಯೇ ಕಡಿಮೆಯಿದ್ದರೆ ಅದು ದುಡಿಮೆಯ ಕೊರತೆ, ಮರೆಮಾಚದೆ ಒಪ್ಪಿಕೊಳ್ಳಿ. ಜನ ಎತ್ತುತ್ತಾರೆ, ಭೇಟಿಗೆ ಒಪ್ಪುವುದಿಲ್ಲ ಎಂದರೆ ಶುರುವಿನ ಮಾತು ಕೆಟ್ಟಿದೆ. ಐದು ಕರೆಯ ರೆಕಾರ್ಡಿಂಗ್ ಹಳಬರ ಜೊತೆ ಕೂತು ಕೇಳಿ. ಭೇಟಿ ಆಗುತ್ತದೆ, ಮಾರಾಟ ಆಗುವುದಿಲ್ಲ ಎಂದರೆ ನಿರ್ಧಾರ ಮಾಡುವವರು ಆ ಕೋಣೆಯಲ್ಲಿರಲಿಲ್ಲ, ಅಥವಾ ಅವರಿಗೆ ಹಣವೋ ಅಗತ್ಯವೋ ಇಲ್ಲ ಎಂದು ಮೊದಲೇ ವಿಚಾರಿಸಲಿಲ್ಲ. "ಆಯ್ತು" ಎಂದವರು ಕಾಗದ ಕೊಡದೆ ಜಾರುತ್ತಿದ್ದರೆ, ಆಯ್ತು ಎಂದ ದಿನವೇ ಮುಂದಿನ ಹೆಜ್ಜೆ ಮತ್ತು ತಾರೀಕು ಗೊತ್ತು ಮಾಡಲಿಲ್ಲ.

ಇಷ್ಟನ್ನೂ ಅಂಕಿ ಸಮೇತ ಒಂದು ಹಾಳೆಯಲ್ಲಿ ಬರೆದು, ಮ್ಯಾನೇಜರ್ ಕರೆಯುವ ಮುಂಚೆ ನೀವೇ ಹೋಗಿ. ಇಡೀ ತಂಡದಲ್ಲಿ ಒಬ್ಬರೂ ಮುಟ್ಟಿಲ್ಲವಾದರೆ ತಪ್ಪು ನಿಮ್ಮದಲ್ಲ. ಟಾರ್ಗೆಟ್‌ನದೋ ವಸ್ತುವಿನದೋ ಇರಬೇಕು.

ನನ್ನ ಲೀಡನ್ನು ಸಹೋದ್ಯೋಗಿ ತನ್ನ ಹೆಸರಿಗೆ ಹಾಕಿಕೊಂಡರೆ?

ಮೊದಲ ವಾರವೇ ನಿಯಮ ಕೇಳಿ: ಎಷ್ಟು ದಿನ ಎಂಟ್ರಿ ಇಲ್ಲದಿದ್ದರೆ ಲೀಡ್ ಎಲ್ಲರದಾಗುತ್ತದೆ? ನಿಮ್ಮ ಎಂಟ್ರಿಯ ತಾರೀಕೇ ನಿಮ್ಮ ಸಾಕ್ಷಿ. ಜಗಳವನ್ನು ಗಿರಾಕಿ ಮುಂದೆ ತರಬೇಡಿ.

ತಿಂಗಳ ಕೊನೆಗೆ "ಹೇಗಾದರೂ ಹಾಕಿಸು" ಎಂದು ಒತ್ತಡ ಬರುತ್ತದೆ. ಸ್ವಲ್ಪ ಸುಳ್ಳು ಹೇಳಿದರೆ ತಪ್ಪೇನು?

ತಪ್ಪು, ಮತ್ತು ಅದರ ಪೆಟ್ಟು ಬೀಳುವುದು ನಿಮಗೇ. ಇಲ್ಲದ ಸೌಲಭ್ಯ ಇದೆ ಎನ್ನುವುದು, ವಾಪಸ್ ಕೊಡಬಹುದು ಎಂದು ಬಾಯಿಮಾತಿನ ಭರವಸೆ ಕೊಡುವುದು, ಗಿರಾಕಿಯ ಪರವಾಗಿ ನೀವೇ ಸಹಿ ಹಾಕುವುದು, ಅಂಗಡಿಯವರಿಗೆ ಖಾಲಿಯಾಗದಷ್ಟು ಸರಕು ಇಳಿಸಿ ಮುಂದಿನ ತಿಂಗಳು ವಾಪಸ್ ತೆಗೆದುಕೊಳ್ಳುವುದು, ಟಾರ್ಗೆಟ್‌ಗಾಗಿ ಸ್ವಂತ ದುಡ್ಡಿನಲ್ಲಿ ಬಿಲ್ ಮಾಡಿಸಿಕೊಳ್ಳುವುದು: ಇವೆಲ್ಲ ತಿಂಗಳ ಕೊನೆಯ ರೂಢಿಗಳು. ರದ್ದಾದಾಗ ಇನ್ಸೆಂಟಿವ್ ಕಡಿತ ನಿಮ್ಮದು, ದೂರು ಬಂದಾಗ ಎಂಟ್ರಿಯಲ್ಲಿರುವ ಹೆಸರು ನಿಮ್ಮದು, "ಹಾಕಿಸು" ಎಂದವರ ಮಾತಿಗೆ ದಾಖಲೆ ಇರುವುದಿಲ್ಲ. ಅಂಥ ಸೂಚನೆ ಬಂದರೆ "ಇದನ್ನು ಮೆಸೇಜ್‌ನಲ್ಲಿ ಕಳಿಸಿ ಸರ್, ಹಾಗೇ ಮಾಡ್ತೀನಿ" ಎಂದು ವಿನಯದಿಂದ ಕೇಳಿ. ಬಹುತೇಕ ಆ ಸೂಚನೆ ಅಲ್ಲಿಗೇ ನಿಲ್ಲುತ್ತದೆ. ಲಿಖಿತವಾಗಿಯೇ ಬಂದರೆ ಮಾಡಬೇಡಿ, ಅದನ್ನು ಎಚ್‌ಆರ್‌ಗೆ ತೋರಿಸಿ, ಬೇರೆ ಕೆಲಸ ಹುಡುಕಲು ಶುರು ಮಾಡಿ.

ಮೋಸದ ಕೆಲಸವನ್ನು ಮೊದಲೇ ಗುರುತಿಸುವುದು ಹೇಗೆ?

ಕೆಲಸ ಕೊಡಲು ನಿಮ್ಮಿಂದಲೇ ಹಣ ಕೇಳಿದರೆ, ಅದು ಠೇವಣಿಯಾಗಲಿ ತರಬೇತಿ ಶುಲ್ಕವಾಗಲಿ ಸ್ಯಾಂಪಲ್ ಕಿಟ್ ಆಗಲಿ, ಎದ್ದು ಬನ್ನಿ. ವಸ್ತು ಮಾರುವುದಕ್ಕಿಂತ ಜನರನ್ನು ಸೇರಿಸಿದ್ದಕ್ಕೆ ಹೆಚ್ಚು ಹಣ ಎಂದರೂ ಅಷ್ಟೇ. ಬರೀ ಕಮಿಷನ್ ಮೇಲಿನ ಕೆಲಸ ಮೋಸವೇ ಎಂದು ಹೇಳಲಾಗದು. ಆದರೆ ಕನಿಷ್ಠ 3 ತಿಂಗಳ ಖರ್ಚು ಕೈಯಲ್ಲಿಲ್ಲದವರು ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು. ಮೊದಲ ಗಿರಾಕಿಗಳೆಂದು ನಿಮ್ಮ ನೆಂಟರಿಷ್ಟರ ಪಟ್ಟಿ ಕೇಳಿದರೆ, ಆ ಪಟ್ಟಿ ಮುಗಿದ ಮೇಲೆ ನಿಮ್ಮನ್ನು ಉಳಿಸಿಕೊಳ್ಳುವ ಯೋಚನೆ ಅವರಿಗೆ ಇದೆಯೇ ಎಂದು ವಿಚಾರಿಸಿ.

ಇಷ್ಟೆಲ್ಲ ಕಷ್ಟವಿದ್ದರೆ ಜನ ಏಕೆ ಸೇರುತ್ತಾರೆ?

ದುಡಿಮೆಗೂ ಸಂಬಳಕ್ಕೂ ನೇರ ನಂಟು ಇರುವ ಕೆಲಸಗಳು ಕಡಿಮೆ, ಇದು ಅವುಗಳಲ್ಲಿ ಒಂದು. ದೊಡ್ಡ ಡಿಗ್ರಿ ಇಲ್ಲದೆಯೂ ಬಾಗಿಲು ತೆರೆಯುತ್ತದೆ. ಬೆಲೆ ಹೇಗೆ ಕಟ್ಟುತ್ತಾರೆ, ಲಾಭ ಎಲ್ಲಿಂದ ಬರುತ್ತದೆ, ಯಾರು ಹೇಗೆ ನಿರ್ಧಾರ ಮಾಡುತ್ತಾರೆ ಎನ್ನುವುದನ್ನು 22ನೆಯ ವಯಸ್ಸಿನಲ್ಲೇ ಗಿರಾಕಿಗಳ ಎದುರು ಕೂತು ಕಲಿಯುತ್ತೀರಿ. ಗುರುತಿಲ್ಲದವರ ಜೊತೆ ಮಾತು ಶುರು ಮಾಡುವ ಧೈರ್ಯ ಮುಂದೆ ಯಾವ ಕೆಲಸಕ್ಕೆ ಹೋದರೂ ಜೊತೆಗಿರುತ್ತದೆ. ಮೊದಲ ಸಲ ಹಳೆಯ ಗಿರಾಕಿಯೊಬ್ಬರು ತಾವಾಗಿಯೇ ಇನ್ನೊಬ್ಬರ ನಂಬರ್ ಕೊಟ್ಟು "ನನ್ನ ಹೆಸರು ಹೇಳಿ" ಎಂದಾಗ ಆಗುವ ಸಂತೋಷ ಇನ್ಸೆಂಟಿವ್‌ಗಿಂತ ಹೆಚ್ಚಿನದು.

ಎಷ್ಟು ಕಾಲ ಇದ್ದು ಬೇರೆ ಕಡೆ ನೋಡಬೇಕು?

ಸಂಬಳ ಸರಿಯಾಗಿ ಬರುತ್ತಿದ್ದು ಸುಳ್ಳಿನ ಒತ್ತಾಯ ಇಲ್ಲದಿದ್ದರೆ ಒಂದು ವರ್ಷವಾದರೂ ಇರಿ. ಮೊದಲ ಮೂರು ತಿಂಗಳು ಕಲಿಕೆ, ಮುಂದಿನ ಮೂರರಲ್ಲಿ ನಿಮ್ಮ ಅನುಪಾತ ಸ್ಥಿರವಾಗುತ್ತದೆ, ಆಮೇಲಿನದೇ ತೋರಿಸಿಕೊಳ್ಳುವ ಅನುಭವ. ಮುಂದೆ ದೊಡ್ಡ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸ, ಟೀಂ ಲೀಡರ್, ತರಬೇತಿ, ಮಾರ್ಕೆಟಿಂಗ್ ಹೀಗೆ ದಾರಿಗಳಿವೆ. ರೆಸ್ಯೂಮೆಯಲ್ಲಿ "ಉತ್ತಮ ಮಾತುಗಾರಿಕೆ" ಎಂದು ಬರೆಯುವ ಬದಲು 12 ತಿಂಗಳಲ್ಲಿ ಎಷ್ಟು ತಿಂಗಳು ಟಾರ್ಗೆಟ್ ಮುಟ್ಟಿದಿರಿ, ಸರಾಸರಿ ಶೇಕಡಾ ಎಷ್ಟು ಎಂದು ಬರೆಯಿರಿ.

ರಾಜೀನಾಮೆ ಕೊಡುವಾಗ ಏನು ನೋಡಿಕೊಳ್ಳಬೇಕು?

ಪತ್ರ ಕೊಡುವ ಮುಂಚೆ ಬರಬೇಕಾದ ಇನ್ಸೆಂಟಿವ್‌ನ ಪಟ್ಟಿ ಮಾಡಿ: ಯಾವ ಆರ್ಡರ್, ಯಾವ ತಾರೀಕು, ಎಷ್ಟು ಬಾಕಿ. ಕೆಲವು ಕಂಪನಿಗಳು ಹಣ ಕೊಡುವ ದಿನ ಕೆಲಸದಲ್ಲಿ ಇದ್ದವರಿಗೆ ಮಾತ್ರ ಇನ್ಸೆಂಟಿವ್ ಕೊಡುತ್ತವೆ. ಹಾಗಿದ್ದರೆ ಹತ್ತು ದಿನ ತಡೆದು ಪತ್ರ ಕೊಡುವುದರಲ್ಲಿ ತಪ್ಪಿಲ್ಲ. ಓಡಾಟದ ಬಿಲ್‌ಗಳನ್ನು ಮೊದಲೇ ಸಲ್ಲಿಸಿ. ಗಿರಾಕಿಗಳ ಪಟ್ಟಿಯನ್ನು ಸ್ವಂತ ಫೋನಿಗೋ ಇಮೇಲ್‌ಗೋ ಕಳಿಸಿಕೊಳ್ಳಬೇಡಿ. ಅದು ಕಂಪನಿಯ ಆಸ್ತಿ, ಕೇಸ್ ಆಗಬಹುದು. ಅರ್ಧದಲ್ಲಿರುವ ಗಿರಾಕಿಗಳಿಗೆ, ಮ್ಯಾನೇಜರ್ ಒಪ್ಪಿಗೆ ಪಡೆದು, ಇನ್ನು ಮುಂದೆ ನಿಮ್ಮನ್ನು ನೋಡಿಕೊಳ್ಳುವವರು ಇಂಥವರು ಎಂದು ಫೋನ್ ಮಾಡಿ ತಿಳಿಸಿ, ಅವರ ಪ್ರತಿಯೊಬ್ಬರ ಎಂಟ್ರಿಯಲ್ಲೂ ಮುಂದಿನ ಕರೆಯ ತಾರೀಕು ಬರೆದಿಟ್ಟು ಹೊರಡಿ.